ಲಾರಿ ಷೆಡ್ಡಿನಲ್ಲಿ, ಕಂತು ಮನೆಯಲ್ಲಿ

"ಇದೇನಿದು, ಹೆಂಗಸರ ಪತ್ರಿಕೆಯಲ್ಲಿ ಲಾರಿ ರಿಪೇರಿಯ ಪುರಾಣ!" ಎಂದು ಮೂಗು ಮುರಿಯುವ ಮೊದಲು ಒಂದು ಗಳಿಗೆ ತಾಳಿ. ಶಿವಮೊಗ್ಗ, ಭದ್ರಾವತಿಯ ಕಡೆಯವರಾದರೆ ನಿಮಗೆ ಹೇಳಬೇಕಾಗಿಯೇ ಇಲ್ಲ. ಬಿ.ಎಚ್. ರಸ್ತೆಯ ಉದ್ದಕ್ಕೂ ಎಷ್ಟು ಮನೆಗಳ ಒಲೆ ಲಾರಿಯ ಚಕ್ರ ತಿರುಗಿದರೆ ಮಾತ್ರ ಹೊತ್ತಿಕೊಳ್ಳುತ್ತದೆ! ಲಾರಿ ಕೊಳ್ಳುವಾಗ ಅಡವಿಗೆ ಹೋಗುವುದು ಯಾರ ಬಳೆ? ಸಾಲದ ಕಾಗದಕ್ಕೆ ಜಾಮೀನು ಸಹಿ ಹಾಕುವವಳು ಯಾರು? ಎಷ್ಟೋ ಮನೆಗಳಲ್ಲಿ ಆರ್.ಸಿ. ಪುಸ್ತಕವೇ ಹೆಂಡತಿಯ ಹೆಸರಿನಲ್ಲಿರುತ್ತದೆ. ಆಯುಧಪೂಜೆಯ ದಿನ ಚಕ್ರದಡಿಗೆ ನಿಂಬೆಹಣ್ಣು ಇಟ್ಟು ಆರತಿ ಎತ್ತುವ ಕೈಗೆ, ಆ ಲಾರಿ ಷೋರೂಮಿನ ಷೆಡ್ಡಿನಲ್ಲಿ ಇಪ್ಪತ್ತು ದಿನ ಸುಮ್ಮನೆ ನಿಂತರೆ ಆಗುವ ಸಂಕಟವೂ ಗೊತ್ತು. ಲಾರಿ ನಿಂತರೂ ಬ್ಯಾಂಕಿನ ಕಂತು ನಿಲ್ಲುವುದಿಲ್ಲ ನೋಡಿ!

ನಮ್ಮ ಕಡೆ ಲಾರಿಯ ಬದುಕು ಇಂದು ನಿನ್ನೆಯದಲ್ಲ. 1918ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾಯಿತು, 1923ರಲ್ಲಿ ಕಬ್ಬಿಣ ಕರಗಿ ಹರಿಯಿತು. 1936ರಲ್ಲಿ ಕಾಗದದ ಕಾರ್ಖಾನೆ ಹುಟ್ಟಿಕೊಂಡಿತು. ಒಂದು ಕಡೆ ಅದಿರು, ಉಕ್ಕಿನ ಸರಳು, ಇನ್ನೊಂದು ಕಡೆ ಬಿದಿರು, ನೀಲಗಿರಿ, ಅಕೇಶಿಯಾ ಮರದ ದಿಮ್ಮಿ. ಇವನ್ನೆಲ್ಲ ಹೊತ್ತು ತಿರುಗಿದ ಲಾರಿಗಳು ಎಷ್ಟೋ ಸಂಸಾರಗಳನ್ನು ಸಾಕಿದವು. ಒಂದು ಲಾರಿ, ಅದನ್ನು ಓಡಿಸುವ ಗಂಡ, ಲೆಕ್ಕ ಬರೆಯುವ ಹೆಂಡತಿ. ಅಷ್ಟೇ ಕಂಪನಿ, ಅಷ್ಟೇ ಆಫೀಸು. ಕಾಗದದ ಕಾರ್ಖಾನೆ ಸುಮಾರು 2015ರ ಹೊತ್ತಿಗೆ ಸದ್ದಡಗಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವುದಾಗಿ 2023ರ ಜನವರಿಯಲ್ಲಿ ಸುದ್ದಿ ಬಂದು ಊರೇ ಬೀದಿಗಿಳಿಯಿತು. ಅದೇ ವರ್ಷ ಆಗಸ್ಟಿನಲ್ಲಿ ಸರಳು ಎಳೆಯುವ ಕೆಲಸ ಮತ್ತೆ ಆರಂಭವಾಯಿತು ಅನ್ನಿ. ಆದರೂ ಹಿಂದಿನ ಬಾಡಿಗೆ ಎಲ್ಲಿ? ಈಗ ಅಡಿಕೆ, ಮೆಕ್ಕೆಜೋಳ, ಅಕ್ಕಿ, ಜಲ್ಲಿ, ಸಿಮೆಂಟು, ಸಿಕ್ಕಿದ್ದನ್ನು ಹೇರಿಕೊಂಡು ದೂರ ದೂರ ಹೋಗಬೇಕು. ದೂರ ಹೋಗುವುದಕ್ಕೆ ಹೊಸ ಲಾರಿ ಬೇಕು. ಹೊಸ ಲಾರಿಗೆ ಸಾಲ ಬೇಕು. ಹೊಸ ಲಾರಿಯ ಜೊತೆಗೇ ಬರುತ್ತದೆ 'ವಾರಂಟಿ' ಎಂಬ ದಪ್ಪ ಪುಸ್ತಕ.

ಮಿಸ್ತ್ರಿಯ ಕಿವಿ, ಕಂಪನಿಯ ಲ್ಯಾಪ್‌ಟಾಪು

ಹಳೇ ಕಾಲದ ಲಾರಿ ಕೆಟ್ಟರೆ ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೋ, ಭದ್ರಾವತಿಯ ರಸ್ತೆ ಬದಿಯ ಮಿಸ್ತ್ರಿಯ ಹತ್ತಿರವೋ ಹೋಗುತ್ತಿತ್ತು. ಬಾನೆಟ್ಟಿಗೆ ಕಿವಿ ಕೊಟ್ಟು "ನಾಝಲ್ ಹೋಗಿದೆ" ಎಂದು ಹೇಳುವವರಿದ್ದರು. ಸಂಜೆಗೆ ಲಾರಿ ರಸ್ತೆಗೆ ಬರುತ್ತಿತ್ತು. ಅವರು ಎಲ್ಲರೂ ಸತ್ಯಹರಿಶ್ಚಂದ್ರರು ಅಂತ ನಾನೇನೂ ಹೇಳುವುದಿಲ್ಲ. ಆದರೆ ಕಣ್ಣೆದುರೇ ಬಿಚ್ಚಿ, ಕಣ್ಣೆದುರೇ ಜೋಡಿಸುತ್ತಿದ್ದರು. ಹಾಳಾದ ಭಾಗ ಕೈಯಲ್ಲಿ ಹಿಡಿದು ನೋಡಬಹುದಿತ್ತು.

2020ರ ಏಪ್ರಿಲ್ 1ರಿಂದ ಕತೆ ಬದಲಾಯಿತು. ಅಂದಿನಿಂದ ಬಿ.ಎಸ್.-6 ಎಂಬ ಹೊಗೆ ನಿಯಮ ಬಂತು. ಊರಿನ ಗಾಳಿಗೆ ಒಳ್ಳೆಯದೇ, ನಮ್ಮ ಮಕ್ಕಳ ಶ್ವಾಸಕೋಶಕ್ಕೆ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಲಾರಿಯ ಹೊಟ್ಟೆಯೊಳಗೆ ಡೀಸೆಲ್ ಟ್ಯಾಂಕಿನ ಪಕ್ಕದಲ್ಲಿ ಇನ್ನೊಂದು ಸಣ್ಣ ಟ್ಯಾಂಕು ಬಂದು ಕೂತಿತು. ಅದರಲ್ಲಿ ಯೂರಿಯಾ ಬೆರೆಸಿದ ಶುದ್ಧ ನೀರು. ಅದು ಹೊಗೆಯ ಕೊಳವೆಯೊಳಗೆ ಸಿಂಪಡಿಸಿದರೆ ಕೆಟ್ಟ ಅನಿಲ ಸೌಮ್ಯವಾಗುತ್ತದೆ. ಅದನ್ನು ಅಳೆಯಲು ಸೆನ್ಸರುಗಳು, ಸೆನ್ಸರಿನ ಮಾತು ಕೇಳಲು ಒಂದು ಕಂಪ್ಯೂಟರ್ ಪೆಟ್ಟಿಗೆ. ಈ ಏರ್ಪಾಟಿನಲ್ಲಿ ಏನಾದರೂ ಎಡವಟ್ಟಾದರೆ ದೀಪ ಹತ್ತುತ್ತದೆ. ದೀಪವನ್ನು ಅಲಕ್ಷ್ಯ ಮಾಡಿ ಓಡಿಸುತ್ತಾ ಹೋದರೆ ಎಂಜಿನ್ನಿನ ಶಕ್ತಿಯನ್ನೇ ಕಂಪ್ಯೂಟರು ಕಡಿಮೆ ಮಾಡಿಬಿಡುತ್ತದೆ. ನಿಯಮವೇ ಹಾಗಿದೆ. ಹೇರು ತುಂಬಿದ ಲಾರಿ ಎತ್ತಿನ ಗಾಡಿಯ ಹಾಗೆ ತೆವಳುತ್ತದೆ. ಮಿಸ್ತ್ರಿಯ ಕಿವಿಗೆ ಅಲ್ಲಿ ಕೆಲಸವಿಲ್ಲ. ಕಂಪನಿಯ ಲ್ಯಾಪ್‌ಟಾಪು ತಂದು ತಂತಿ ಚುಚ್ಚಿದರೆ ಮಾತ್ರ ರೋಗ ತಿಳಿಯುತ್ತದೆ. ಆ ಲ್ಯಾಪ್‌ಟಾಪು ಇರುವುದು ಡೀಲರಿನ ಬಳಿ.

ಇಲ್ಲಿಂದಲೇ ಮಾಲೀಕನ ಕಷ್ಟ ಮೊದಲಾಗುವುದು. ರೋಗ ಏನು ಅಂತ ಹೇಳುವವನೂ ಅವನೇ, ಔಷಧಿ ಮಾರುವವನೂ ಅವನೇ, ಬಿಲ್ಲು ಬರೆಯುವವನೂ ಅವನೇ.

ವಾರಂಟಿಯ ಒಳಗುಟ್ಟು

ಷೋರೂಮಿನಲ್ಲಿ ಕಾಫಿ ಕೊಟ್ಟು, ಕೀಲಿಕೈಗೆ ರಿಬ್ಬನ್ ಕಟ್ಟಿ ಕೊಡುವಾಗ "ಇಷ್ಟು ವರ್ಷ, ಇಷ್ಟು ಲಕ್ಷ ಕಿಲೋಮೀಟರು ಏನೇ ಆದರೂ ನಮ್ಮದು" ಎನ್ನುತ್ತಾರೆ. ಪುಸ್ತಕ ತೆಗೆದು ಓದಿ ನೋಡಿ. ವರ್ಷ, ಕಿಲೋಮೀಟರು, ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ವಾರಂಟಿ ಮುಗಿಯಿತು. ದೂರದ ಬಾಡಿಗೆಯ ಲಾರಿಗೆ ಕಿಲೋಮೀಟರೇ ಮೊದಲು ಮುಗಿಯುವುದು. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ಲಿಗೆ ದೊಡ್ಡ ವಾರಂಟಿ, ಉಳಿದ ಭಾಗಗಳಿಗೆ ಚಿಕ್ಕದು. ಟೈರು, ಬ್ಯಾಟರಿಗೆ ಅವುಗಳನ್ನು ಮಾಡಿದ ಕಂಪನಿಯ ಬೇರೆ ವಾರಂಟಿ. ಸವೆಯುವ ವಸ್ತುಗಳಿಗೆ, ಅಂದರೆ ಕ್ಲಚ್ ಪ್ಲೇಟು, ಬ್ರೇಕ್ ಲೈನರು, ಬೆಲ್ಟು, ಫಿಲ್ಟರು, ಇವಕ್ಕೆ ಸಾಮಾನ್ಯವಾಗಿ ವಾರಂಟಿಯೇ ಇಲ್ಲ. ನಮ್ಮ ಕಡೆಯವರಿಗೆ ಇದು ದೊಡ್ಡ ಪೆಟ್ಟು. ಆಗುಂಬೆ ಘಾಟಿಯಲ್ಲಿ ಭಾರೀ ವಾಹನಕ್ಕೆ ಅವಕಾಶವಿಲ್ಲ. ಕುಂದಾಪುರದ ಕಡೆಗೆ ಹೋಗಬೇಕಾದರೆ ಹುಲಿಕಲ್ ಘಾಟಿಯೇ ಗತಿ. ಆ ತಿರುವುಗಳಲ್ಲಿ ಹೇರು ಹೊತ್ತು ಹತ್ತುವ ಲಾರಿಯ ಕ್ಲಚ್ ಪ್ಲೇಟು ಬಯಲುಸೀಮೆಯ ಲಾರಿಯದಕ್ಕಿಂತ ಬೇಗ ಸುಡುವುದರಲ್ಲಿ ಆಶ್ಚರ್ಯವೇನು?

ಇವೆಲ್ಲ ಬರೆದಿಟ್ಟ ಷರತ್ತುಗಳು, ಒಪ್ಪಿಕೊಳ್ಳೋಣ. ಕಿರಿಕಿರಿ ಇರುವುದು ಬರೆಯದೆ ಹೇಳುವ ಮಾತುಗಳಲ್ಲಿ. "ಓವರ್‌ಲೋಡ್ ಹಾಕಿದ್ದೀರಿ", "ಯೂರಿಯಾ ಕಲಬೆರಕೆ", "ಡೀಸೆಲಿನಲ್ಲಿ ನೀರು", "ಸರ್ವೀಸು ಐನೂರು ಕಿಲೋಮೀಟರು ತಡವಾಗಿದೆ", "ಹೊರಗೆ ಹಾರ್ನು ಕೂರಿಸಿದ್ದೀರಿ, ವೈರಿಂಗ್ ಕತ್ತರಿಸಿದ್ದೀರಿ", "ಡ್ರೈವರಿಗೆ ಓಡಿಸಲು ಬರುವುದಿಲ್ಲ". ಲಾರಿಗೆ ಇನ್ನೊಂದು ತಾಪತ್ರಯವೂ ಉಂಟು. ಎಷ್ಟೋ ಜನ ಕೊಳ್ಳುವುದು ಬರೀ ಚಾಸಿ. ಬಾಡಿ ಕಟ್ಟಿಸುವುದು ಬೇರೆ ಕಡೆ. ಆಮೇಲೆ ಏನಾದರೂ ಸದ್ದು ಬಂದರೆ ಕಂಪನಿಯವರು ಬಾಡಿ ಕಟ್ಟಿದವನನ್ನು ತೋರಿಸುತ್ತಾರೆ, ಬಾಡಿ ಕಟ್ಟಿದವನು ಕಂಪನಿಯನ್ನು ತೋರಿಸುತ್ತಾನೆ. ಅತ್ತೆ-ಸೊಸೆ ಜಗಳದಲ್ಲಿ ಮಗ ಉಪವಾಸ ಬಿದ್ದ ಹಾಗೆ!

ಡೀಲರು ಹೀಗೇಕೆ ಮಾಡುತ್ತಾನೆ? ಇದಕ್ಕೂ ಒಂದು ಲೆಕ್ಕವಿದೆ. ವಾರಂಟಿಯಲ್ಲಿ ಮಾಡಿದ ಕೆಲಸಕ್ಕೆ ಮಾಲೀಕ ದುಡ್ಡು ಕೊಡುವುದಿಲ್ಲ, ಕಂಪನಿ ಕೊಡಬೇಕು. ಕಂಪನಿ ಕೊಡುವ ಕೂಲಿ ಸಾಮಾನ್ಯವಾಗಿ ಕಡಿಮೆ, ಬರುವುದೂ ನಿಧಾನ. ಬಿಚ್ಚಿದ ಹಳೇ ಭಾಗವನ್ನು ಕಂಪನಿ ತರಿಸಿಕೊಂಡು ಪರೀಕ್ಷಿಸಿ "ಇದು ನಮ್ಮ ದೋಷವಲ್ಲ" ಎಂದುಬಿಟ್ಟರೆ ಖರ್ಚು ಡೀಲರಿನ ತಲೆಗೆ. ಹಾಗಾಗಿ ಎದುರಿಗೆ ನಿಂತ ಒಂಟಿ ಲಾರಿಯ ಮಾಲೀಕನ ತಲೆಗೆ ಕಟ್ಟುವುದೇ ಸುಲಭ. ಐವತ್ತು ಲಾರಿ ಇಟ್ಟವರ ಬಳಿ ಈ ಆಟ ನಡೆಯುವುದಿಲ್ಲ ನೋಡಿ, ಮುಂದಿನ ಸಲ ಅವರು ಬೇರೆ ಕಂಪನಿಯ ಲಾರಿ ಕೊಳ್ಳುತ್ತಾರೆ ಎಂಬ ಹೆದರಿಕೆ ಇದೆ. ನ್ಯಾಯವಾಗಿ ನಡೆಯುವ ಡೀಲರುಗಳೂ ಇದ್ದಾರೆ, ಇಲ್ಲವೆಂದಲ್ಲ. ಎಣ್ಣೆ ಮೆತ್ತಿದ ಬಟ್ಟೆಯಲ್ಲಿ ಲಾರಿಯಡಿ ಮಲಗಿ ದುಡಿಯುವ ಹುಡುಗರ ಮೇಲಂತೂ ನನಗೆ ಯಾವ ಸಿಟ್ಟೂ ಇಲ್ಲ. ನನ್ನ ಸಿಟ್ಟೆಲ್ಲ ಗಾಜಿನ ಕೋಣೆಯೊಳಗಿನ ಮೇಜಿನ ಮೇಲೆ.

ಅಕ್ಕನ ನೋಟ್‌ಬುಕ್ಕು

ನಮ್ಮ ಭಾವನವರು ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆಗೆ ಮರ ಸಾಗಿಸುತ್ತಿದ್ದವರು. ಕಾರ್ಖಾನೆ ನಿಂತ ಮೇಲೆ ಹಳೇ ಲಾರಿಯನ್ನು ಮಾರಿ, ಕೆಲವು ವರ್ಷ ಬೇರೆಯವರ ಲಾರಿ ಓಡಿಸಿ, ಕೊನೆಗೆ ಅಕ್ಕನ ಎರಡೆಳೆ ಸರವನ್ನೂ ಸೇರಿಸಿ ಸಾಲ ಮಾಡಿ ಹತ್ತು ಚಕ್ರದ ಹೊಸ ಲಾರಿ ತಂದರು. ಹದಿನಾಲ್ಕು ತಿಂಗಳು ಚಿನ್ನದಂತೆ ಓಡಿತು. ಆಮೇಲೆ ಒಂದು ದಿನ ಹಳದಿ ದೀಪ ಹತ್ತಿತು. ಡೀಲರಿನ ಬಳಿ ಹೋದರೆ "ಯೂರಿಯಾ ಸರಿಯಿಲ್ಲ" ಎಂದು ಟ್ಯಾಂಕು ತೊಳೆದು ಬಿಲ್ಲು ಕೊಟ್ಟರು. ಒಂಬತ್ತು ದಿನಕ್ಕೆ ಮತ್ತೆ ದೀಪ. ಈ ಸಲ ಸೆನ್ಸರು ಹೋಗಿದೆ ಎಂದರು. ವಾರಂಟಿ ಇದೆಯಲ್ಲ ಎಂದರೆ, "ಎಕ್ಸ್‌ಟ್ರಾ ಲೈಟು ಹಾಕಿಸಿದ್ದೀರಿ, ವಾರಂಟಿ ಬರುವುದಿಲ್ಲ". ದುಡ್ಡು ಕಟ್ಟಿ ಬದಲಾಯಿಸಿದರು. ಅಡಿಕೆ ತುಂಬಿಕೊಂಡು ಹೊರಟವರು ತರೀಕೆರೆ ದಾಟುವ ಮೊದಲೇ ಲಾರಿ ಸುಸ್ತಾಯಿತು. ಬಾಡಿಗೆ ಬೇರೆಯವರ ಪಾಲಾಯಿತು.

ಮೂರನೆಯ ಸಲ ಲಾರಿ ಷೆಡ್ಡಿಗೆ ಹೋದದ್ದು ಹೊರಬರಲಿಲ್ಲ. "ಪಾರ್ಟು ಬರಬೇಕು" ಎಂಬ ಒಂದೇ ಮಂತ್ರ. ಭಾವ ದಿನಾ ಬಸ್ಸು ಹತ್ತಿ ಹೋಗಿ, ಗಂಟೆಗಟ್ಟಲೆ ಬೆಂಚಿನ ಮೇಲೆ ಕೂತು, ಸಿಟ್ಟು ಮಾಡಿ ಬರುತ್ತಿದ್ದರು. ಸಿಟ್ಟಿಗೆ ಯಾವ ರಶೀದಿಯೂ ಸಿಗುವುದಿಲ್ಲ.

ನಮ್ಮಕ್ಕ ಹಾಲಿನ ಲೆಕ್ಕ, ಚೀಟಿ ಲೆಕ್ಕ ಬರೆಯುವ ಹೆಂಗಸು. ಅದೇ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಲಾರಿಯ ದಿನಚರಿ ಬರೆಯತೊಡಗಿದಳು. ಯಾವ ದಿನ, ಎಷ್ಟು ಗಂಟೆಗೆ ಒಳಗೆ ಬಿಟ್ಟದ್ದು, ಮೀಟರಿನಲ್ಲಿ ಎಷ್ಟು ಕಿಲೋಮೀಟರು, ಯಾರು ಏನಂದರು. ಹಳೇ ಬಿಲ್ಲುಗಳನ್ನೆಲ್ಲ ಹರಡಿಕೊಂಡು ಕೂತಾಗ ಅವಳ ಕಣ್ಣಿಗೆ ಬಿದ್ದದ್ದು ಇದು: ಮೊದಲನೆಯ ಸಲ ಹೋದದ್ದಕ್ಕೆ ಬಿಲ್ಲು ಇದೆ, ಜಾಬ್ ಕಾರ್ಡೇ ಇಲ್ಲ. ಎರಡನೆಯ ಜಾಬ್ ಕಾರ್ಡಿನಲ್ಲಿ 'ದೀಪ ಹತ್ತುತ್ತದೆ, ಶಕ್ತಿ ಕಡಿಮೆ' ಎಂಬ ದೂರಿನ ಬದಲು 'ಸಾಮಾನ್ಯ ತಪಾಸಣೆ' ಎಂದು ಬರೆದಿದೆ. ಅಂದರೆ ಕಂಪನಿಯ ದಾಖಲೆಯಲ್ಲಿ ಈ ಲಾರಿಗೆ ಆ ತೊಂದರೆ ಬಂದೇ ಇಲ್ಲ!

ಅಕ್ಕ ತಾನೇ ಹೋಗಿ ಕೌಂಟರಿನಲ್ಲಿ ಕೂತಳು. ಕೂಗಾಡಲಿಲ್ಲ. "ವಾರಂಟಿ ಯಾಕೆ ಬರುವುದಿಲ್ಲ ಅಂತ ಒಂದು ಕಾಗದದಲ್ಲಿ ಬರೆದು ಸೀಲು ಹಾಕಿ ಕೊಡಿ, ಹೋಗುತ್ತೇನೆ" ಎಂದಳು. ಬರೆದು ಕೊಡಲು ಯಾರೂ ಮುಂದೆ ಬರಲಿಲ್ಲ. ಮನೆಗೆ ಬಂದು ಕಂಪನಿಯ ದೊಡ್ಡ ಕಚೇರಿಗೆ ದಿನಾಂಕ ಸಮೇತ ಎರಡು ಪುಟದ ಕಾಗದ ಬರೆದಳು, ಮಗ ಅದನ್ನೇ ಇ-ಮೇಲಿನಲ್ಲೂ ಕಳಿಸಿದ. ವಾರ ಕಳೆಯುವುದರೊಳಗೆ ಕಂಪನಿಯ ಎಂಜಿನಿಯರು ಬಂದರು. ದೋಷವಿದ್ದದ್ದು ಸೆನ್ಸರಿನಲ್ಲಲ್ಲ, ಚಾಸಿಯ ಕಂಬಿಗೆ ಉಜ್ಜಿ ಉಜ್ಜಿ ಸಿಪ್ಪೆ ಸುಲಿದಿದ್ದ ತಂತಿಯ ಕಂತೆಯಲ್ಲಿ. ಎಕ್ಸ್‌ಟ್ರಾ ಲೈಟಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ತಂತಿ ವಾರಂಟಿಯಲ್ಲಿ ಬದಲಾಯಿತು, ಸೆನ್ಸರಿನ ದುಡ್ಡು ವಾಪಸು ಬಂತು. ಲಾರಿ ನಿಂತದ್ದು ಒಟ್ಟು ಇಪ್ಪತ್ತಮೂರು ದಿನ. ಆ ದಿನಗಳ ಬಾಡಿಗೆಗೆ ಯಾರೂ ಉತ್ತರ ಹೇಳಲಿಲ್ಲ. ಸರ ಇನ್ನೂ ಬ್ಯಾಂಕಿನಲ್ಲೇ ಇದೆ.

ಬಿಲ್ಲನ್ನು ಹೇಗೆ ನೋಡಬೇಕು

ಅಕ್ಕನ ಅನುಭವದಿಂದಲೂ, ನಾಲ್ಕು ಜನರನ್ನು ಕೇಳಿಯೂ ತಿಳಿದದ್ದನ್ನು ಬರೆಯುತ್ತೇನೆ. ಮನೆಯಲ್ಲಿ ಲಾರಿ ಇಲ್ಲದಿದ್ದರೆ ಬೇಡ, ಮಿಕ್ಸಿ, ಫ್ರಿಜ್ಜು, ಮಗಳ ಸ್ಕೂಟರು ಇದೆಯಲ್ಲ? ಬುದ್ಧಿ ಒಂದೇ.

ಲಾರಿ ಒಳಗೆ ಬಿಡುವಾಗಲೇ ಜಾಬ್ ಕಾರ್ಡಿನ ನಕಲು ಕೈಗೆ ಬರಬೇಕು. ಅದರಲ್ಲಿ ದೂರು ನಿಮ್ಮ ಮಾತಿನಲ್ಲಿ ಇರಬೇಕು, ಅವರ ಮಾತಿನಲ್ಲಲ್ಲ. ಮೀಟರಿನ ಫೋಟೋ, ಹತ್ತಿದ ದೀಪದ ಫೋಟೋ ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ. ಖಾಲಿ ಜಾಬ್ ಕಾರ್ಡಿಗೆ ಯಾವ ಕಾರಣಕ್ಕೂ ಸಹಿ ಬೇಡ. ಲಾರಿ ಹೊರಗೆ ತರುವಾಗ 'ಕೆಲಸ ತೃಪ್ತಿಕರ' ಎಂಬ ಸಾಲಿನ ಕೆಳಗೆ ಸಹಿ ಕೇಳುತ್ತಾರೆ. ತೃಪ್ತಿ ಇಲ್ಲದಿದ್ದರೆ 'ಓಡಿಸಿ ನೋಡಿದ ಮೇಲೆ' ಎಂದು ಪಕ್ಕದಲ್ಲಿ ಬರೆದೇ ಸಹಿ ಮಾಡಿ.

ದುಡ್ಡು ಕೊಟ್ಟು ಮಾಡಿಸಿದ ಕೆಲಸವಾದರೆ ಬಿಚ್ಚಿದ ಹಳೇ ಭಾಗ ನಿಮ್ಮದು, ಕೇಳಿ ತನ್ನಿ. ವಾರಂಟಿಯಲ್ಲಿ ಬದಲಾಯಿಸಿದ್ದಾದರೆ ಅದು ಕಂಪನಿಗೆ ಹೋಗುತ್ತದೆ, ಆದರೂ ಅದರ ನಂಬರಿನ ಫೋಟೋ ತೆಗೆಯಲು ಅಡ್ಡಿಯಿಲ್ಲ. ಹೊಸ ಭಾಗದ ಪೊಟ್ಟಣದ ಮೇಲೆ ಬೆಲೆ ಅಚ್ಚಾಗಿರುತ್ತದೆ, ಆ ಪೊಟ್ಟಣ ಕಸಕ್ಕೆ ಹೋಗುವ ಮೊದಲು ನಿಮ್ಮ ಕೈಗೆ ಬರಲಿ. ವಾರಂಟಿಯಲ್ಲಿ ಕಂಪನಿಯ ಲೆಕ್ಕಕ್ಕೂ ಬರೆದು, ನಿಮ್ಮ ಬಿಲ್ಲಿಗೂ ಸೇರಿಸುವ ಚಾಲಾಕಿಗಳೂ ಉಂಟು. ಎಂಜಿನ್ ಆಯಿಲ್ ಇಷ್ಟು ಲೀಟರು ಎಂದು ಬಿಲ್ಲಿನಲ್ಲಿದ್ದರೆ ಕಡ್ಡಿ ಎಳೆದು ಮಟ್ಟ ನೋಡಿ. ತೆರಿಗೆಯ ಕಾಲಂ ಕೂಡ ನೋಡಿ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳಿಗೆಲ್ಲ ಜಿ.ಎಸ್.ಟಿ. ಶೇಕಡ 18 ಮಾತ್ರ, ಹಿಂದಿನ 28ರ ಲೆಕ್ಕ ಈಗ ನಡೆಯದು.

ಇನ್ನು ಓವರ್‌ಲೋಡಿನ ಆರೋಪ. 2018ರಲ್ಲಿ ಸರ್ಕಾರ ಹೇರಿನ ಮಿತಿಯನ್ನೇ ಏರಿಸಿದೆ, ಹತ್ತು ಚಕ್ರದ ಲಾರಿಗೆ ಲಾರಿಯ ತೂಕವೂ ಸೇರಿ 25 ಟನ್ನಿದ್ದದ್ದು 28.5 ಆಯಿತು. ನಿಮ್ಮ ಲಾರಿಗೆ ಎಷ್ಟು ಎಂಬುದು ಆರ್.ಸಿ.ಯಲ್ಲಿದೆ. ಪ್ರತಿ ಟ್ರಿಪ್ಪಿನ ತೂಕದ ಚೀಟಿ, ಡೀಸೆಲ್ ಬಿಲ್ಲು, ಯೂರಿಯಾ ಡಬ್ಬದ ಬಿಲ್ಲು, ಇವನ್ನೆಲ್ಲ ಒಂದು ಡಬ್ಬಿಗೆ ಹಾಕಿಡಿ. ಸಾರಿನಪುಡಿ ಮುಗಿದ ಡಬ್ಬಿಯಾದರೂ ಸರಿ! ಫಾಸ್ಟ್ಯಾಗಿನ ಲೆಕ್ಕವನ್ನೂ ತಿಂಗಳಿಗೊಮ್ಮೆ ತೆಗೆದಿಡಿ. ಲಾರಿ ಯಾವ ದಿನ ಓಡಿತು, ಯಾವ ದಿನ ನಿಂತಿತ್ತು ಎನ್ನುವುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಇನ್ನೊಂದಿಲ್ಲ. ಸಾಹೇಬರ ಬಾಯಿಂದ ಬಂದ ಆರೋಪವನ್ನು ಕಾಗದದಿಂದ ಮಾತ್ರ ಅಳಿಸಬಹುದು.

ಕಾನೂನು ಯಾರ ಕಡೆ?

"ಲಾರಿ ವ್ಯಾಪಾರದ ವಸ್ತು, ನೀವು ಗ್ರಾಹಕರೇ ಅಲ್ಲ, ಗ್ರಾಹಕರ ಕೋರ್ಟಿಗೆ ಹೋಗಲು ಬರುವುದಿಲ್ಲ" ಎಂದು ಹೆದರಿಸುವವರಿದ್ದಾರೆ. ಇದು ಅರ್ಧ ಸತ್ಯ. ವ್ಯಾಪಾರಕ್ಕಾಗಿ ಕೊಂಡ ವಸ್ತುವಿಗೆ ಗ್ರಾಹಕ ಕಾಯ್ದೆ ಅನ್ವಯಿಸುವುದಿಲ್ಲ, ನಿಜ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡದ್ದಾದರೆ ಅದು ವ್ಯಾಪಾರವಲ್ಲ ಎಂದು ಕಾಯ್ದೆಯಲ್ಲೇ ಹೇಳಿದೆ. 1995ರಲ್ಲಿ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಎಂಬ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಲಾರಿಯ ಉದಾಹರಣೆಯನ್ನೇ ತೆಗೆದುಕೊಂಡಿತು. ತಾನೇ ಓಡಿಸಿ ಬಾಡಿಗೆ ದುಡಿಯಲು ಲಾರಿ ಕೊಂಡವನು ಗ್ರಾಹಕನೇ. ಸಹಾಯಕ್ಕೆ ಒಬ್ಬಿಬ್ಬರನ್ನು ಇಟ್ಟುಕೊಂಡರೂ ಅವನ ಹಕ್ಕು ಹೋಗುವುದಿಲ್ಲ. ಪೂರ್ತಿ ಬೇರೆಯವರ ಕೈಗೆ ಬಿಟ್ಟು ಬಾಡಿಗೆ ಎಣಿಸುವವನಾದರೆ ಗ್ರಾಹಕನಲ್ಲ. 2019ರ ಹೊಸ ಕಾಯ್ದೆ 2020ರ ಜುಲೈ 20ರಿಂದ ಜಾರಿಗೆ ಬಂದ ಮೇಲೂ ಈ ಮಾತು ಉಳಿದಿದೆ.

ನಮ್ಮ ಹೆಂಗಸರು ಇಲ್ಲಿ ಕಿವಿ ನೆಟ್ಟಗೆ ಮಾಡಿಕೊಳ್ಳಬೇಕು. ಆರ್.ಸಿ. ನಿಮ್ಮ ಹೆಸರಿನಲ್ಲಿದ್ದು ಓಡಿಸುವವರು ಯಜಮಾನರಾದರೆ, ಎದುರು ಪಕ್ಷದ ವಕೀಲರು ಅದನ್ನೇ ಹಿಡಿದು ಎಳೆಯಬಹುದು. ಹಾಗಾಗಿ ದೂರಿನ ಮೊದಲ ಪುಟದಲ್ಲೇ ಇದೊಂದೇ ಲಾರಿ, ಮನೆಯವರೇ ಓಡಿಸುವುದು, ಲೆಕ್ಕ ನಾನು ನೋಡುವುದು, ಇದರಿಂದಲೇ ಸಂಸಾರ ನಡೆಯುವುದು ಎಂದು ಸ್ಪಷ್ಟವಾಗಿ ಬರೆಯಬೇಕು. ಅವರ ಡ್ರೈವಿಂಗ್ ಲೈಸೆನ್ಸಿನ ನಕಲೂ ಜೊತೆಗಿರಲಿ.

ಯಾರ ಮೇಲೆ ದೂರು? ಡೀಲರಿನ ಮೇಲೋ, ಕಂಪನಿಯ ಮೇಲೋ? ಇಬ್ಬರನ್ನೂ ಸೇರಿಸುವುದೇ ಜಾಣತನ. ಆದರೆ ಹೆಸರು ಸೇರಿಸಿದರೆ ಸಾಲದು. ಗೋವಾದ ಗ್ರಾಹಕರೊಬ್ಬರಿಗೆ 2011ರಲ್ಲಿ ಎರಡು ವರ್ಷ ಹಳೆಯ ಮಾಡೆಲ್ಲಿನ ಕಾರನ್ನು ಹೊಸದೆಂದು ಡೀಲರು ಕೊಟ್ಟಿದ್ದ ಮೊಕದ್ದಮೆ ಟಾಟಾ ಮೋಟಾರ್ಸಿನವರ ಮೇಲ್ಮನವಿಯಾಗಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಡೀಲರಿನ ತಪ್ಪು ಕಂಪನಿಗೆ ತಿಳಿದಿತ್ತು ಎಂದು ತೋರಿಸದೆ ಕಂಪನಿಯನ್ನು ಹೊಣೆ ಮಾಡಲು ಬರುವುದಿಲ್ಲ ಎಂದು 2021ರ ಫೆಬ್ರವರಿಯಲ್ಲಿ ತೀರ್ಪಾಯಿತು. ನನಗೇನೋ ಇದು ಗ್ರಾಹಕನಿಗೆ ಕಹಿ ಗುಳಿಗೆ ಅನಿಸುತ್ತದೆ. ಆದರೆ ದಾರಿಯೂ ಅದರಲ್ಲೇ ಇದೆ. ನಮ್ಮಕ್ಕ ಕಂಪನಿಗೇ ನೇರವಾಗಿ ಬರೆದಳಲ್ಲ, ಅಂಥ ಕಾಗದ ಮುಟ್ಟಿದ ಮೇಲೆ 'ನಮಗೆ ಗೊತ್ತಿರಲಿಲ್ಲ' ಎನ್ನಲು ಯಾವ ಕಂಪನಿಗೂ ಬರುವುದಿಲ್ಲ.

'ಹೊರಗೆ ರಿಪೇರಿ ಮಾಡಿಸಿದರೆ ವಾರಂಟಿ ರದ್ದು' ಎಂಬ ಬೆದರಿಕೆಯ ಬಗ್ಗೆಯೂ ಒಂದು ಮಾತು. ಶಂಷೇರ್ ಕಟಾರಿಯಾ ಎಂಬುವರ ದೂರಿನ ಮೇಲೆ ಭಾರತ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಬಿಡಿಭಾಗಗಳನ್ನೂ ಪರೀಕ್ಷಾ ಯಂತ್ರಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದು ತಪ್ಪು, ಹೊರಗೆ ತೋರಿಸಿದ ಒಂದೇ ಕಾರಣಕ್ಕೆ ಇಡೀ ವಾರಂಟಿ ತೆಗೆದುಹಾಕುವುದು ಸರಿಯಲ್ಲ ಎಂದಿತು. ಕಂಪನಿಗಳು ಮೇಲ್ಮನವಿಗೆ ಹೋದವು. ಅದು ಕಾರುಗಳ ವಿಷಯ, ಲಾರಿಗೆ ಹಾಗೇ ಅಂಟಿಸಲು ಬರುವುದಿಲ್ಲ. ಆದರೂ ಆ ಆಟೋ ಕಾಂಪ್ಲೆಕ್ಸಿನ ಮಿಸ್ತ್ರಿಯ ಕೈಗೆ ಲ್ಯಾಪ್‌ಟಾಪು ಯಾಕೆ ಸಿಗಬಾರದು ಎಂದು ಕೇಳಿದವರು ನಾವೊಬ್ಬರೇ ಅಲ್ಲ ಎಂಬುದಂತೂ ಸಮಾಧಾನ.

ದೂರು ಕೊಡುವ ಮೊದಲು ನೋಟೀಸು ಕಳಿಸಿ. ಹಳೇ ರಿಜಿಸ್ಟರ್ಡ್ ಪೋಸ್ಟು 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ, ಆ ರಶೀದಿಯನ್ನೇ ಜೋಪಾನ ಮಾಡಿ. 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯವರು ಕಂಪನಿಯ ಜೊತೆ ಮಾತಾಡಿ ನೋಡುತ್ತಾರೆ, ಅದಕ್ಕೆ ಖರ್ಚಿಲ್ಲ. ಅಲ್ಲಿಗೂ ಬಗೆಹರಿಯದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗ. ಷೋರೂಮು ಬೆಂಗಳೂರಿನಲ್ಲಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಇದು ಹೊಸ ಕಾಯ್ದೆಯ ದೊಡ್ಡ ಉಪಕಾರ. ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ, ಅದಕ್ಕೂ ಮೇಲಾದರೆ ಬೆಂಗಳೂರಿನ ರಾಜ್ಯ ಆಯೋಗ. 20 ಲಕ್ಷದಿಂದ 50 ಲಕ್ಷದವರೆಗಿನ ಬೆಲೆಗೆ ಶುಲ್ಕ 1,000 ರೂಪಾಯಿ. 5 ಲಕ್ಷದವರೆಗೆ ಶುಲ್ಕವೇ ಇಲ್ಲ, ಮಿಕ್ಸಿ-ಫ್ರಿಜ್ಜಿನವರು ಗಮನಿಸಿ. ವಕೀಲರನ್ನು ಇಡಲೇಬೇಕೆಂಬ ಕಡ್ಡಾಯವಿಲ್ಲ. ತೊಂದರೆಯಾದ ಎರಡು ವರ್ಷದೊಳಗೆ ದೂರು ಹೋಗಬೇಕು, "ನಾಳೆ ಬನ್ನಿ, ನಾಡಿದ್ದು ಬನ್ನಿ" ಎನ್ನುವ ಮಾತಿನಲ್ಲಿ ಈ ಅವಧಿ ಕರಗಿಹೋಗದಿರಲಿ. ಮೂರು ತಿಂಗಳಲ್ಲಿ, ವಸ್ತುವನ್ನು ಪರೀಕ್ಷೆಗೆ ಕಳಿಸಬೇಕಾದರೆ ಐದು ತಿಂಗಳಲ್ಲಿ ತೀರ್ಮಾನವಾಗಬೇಕೆಂದು ಕಾಯ್ದೆ ಹೇಳುತ್ತದೆ. ಅಷ್ಟು ಬೇಗ ಆಗುತ್ತದೆಂದು ನೆಚ್ಚಿಕೊಂಡು ಕೂರಬೇಡಿ. ಲಾರಿಯನ್ನು ತಜ್ಞರಿಂದ ಪರೀಕ್ಷೆ ಮಾಡಿಸಿ ಎಂಬ ಅರ್ಜಿಯನ್ನು ದೂರಿನ ಜೊತೆಯಲ್ಲೇ ಕೊಡಿ, ತಡವಾದರೆ ಸವೆದ ಭಾಗ ಇನ್ನಷ್ಟು ಸವೆದು ಯಾರ ತಪ್ಪೆಂದು ಹೇಳಲಾಗದ ಸ್ಥಿತಿ ಬರುತ್ತದೆ.

ಬ್ರೇಕು, ಸ್ಟೀರಿಂಗಿನಂಥ ಜೀವಕ್ಕೆ ಅಪಾಯವಾಗುವ ದೋಷವಾದರೆ ಇನ್ನೊಂದು ಬಾಗಿಲಿದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಂಥ ವಾಹನಗಳನ್ನು ಕಂಪನಿ ವಾಪಸು ಕರೆಸಿ ಸರಿಪಡಿಸಬೇಕೆಂದು ಸರ್ಕಾರ ಆಜ್ಞೆ ಮಾಡಬಹುದು. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಒಂದು ಲಾರಿಯ ದೂರಿನಿಂದ ಇದು ಆಗುವುದಿಲ್ಲ, ಅದೇ ಮಾಡೆಲ್ಲಿನ ಹಲವರು ದೂರಬೇಕು. ಲಾರಿಯವರು ಲೋಡಿಗಾಗಿ ಕಾಯುತ್ತಾ ಎ.ಪಿ.ಎಂ.ಸಿ. ಗೇಟಿನಲ್ಲೋ, ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲೋ ಒಟ್ಟಿಗೆ ಚಹಾ ಕುಡಿಯುವಾಗ ಈ ಲೆಕ್ಕವನ್ನೂ ಹಾಕಬಹುದು: ನಿನ್ನ ಲಾರಿಗೂ ಇದೇ ದೀಪ ಹತ್ತಿತ್ತೇ, ಎಷ್ಟನೆಯ ಕಿಲೋಮೀಟರಿಗೆ, ಅವರು ನಿನಗೇನು ಕಾರಣ ಹೇಳಿದರು?